ಕಿಡಿ ಹಾರುವ ಹೊತ್ತು

ಹೆಂಡತಿ ತೀರಿಕೊಂಡ ಮೇಲೆಯೇ ವಿಶ್ವನಾಥಪ್ಪನಿಗೆ ತಾನು ಕಿವುಡ ಎಂಬುದು ಗೊತ್ತಾದದ್ದು.

ಹಾಗೆಂದರೆ ಅದಕ್ಕೂ ಮೊದಲು ಅವನ ಕಿವಿ ಚುರುಕಾಗಿತ್ತು ಎಂದಲ್ಲ. ಮರಾಠಿ ಸೀಮೆಯ ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಪ್ರೆಸ್ಸಿನ ಕೆಳಗೆ ತಗಡು ಕೊಟ್ಟವನು ಅವನು. ದಿನಕ್ಕೆ ಎಂಟು ತಾಸು ಧಡ್ ಧಡ್ ಎಂಬ ಆ ಸದ್ದು ಕೇಳಿದ ಕಿವಿ ಯಾರದೇ ಆದರೂ ಒಂದಿಷ್ಟು ಸವೆಯುತ್ತದೆ. ಆದರೆ ಮನೆಯಲ್ಲಿ ರುಕ್ಮಿಣಿಬಾಯಿ ಇದ್ದಳು. ಹಾಲಿನವನು ಏನೆಂದ, ಬ್ಯಾಂಕಿನವರು ಏನು ಕೇಳಿದರು, ಮಗಳು ಯಾಕೆ ಸಿಟ್ಟಾಗಿದ್ದಾಳೆ ಎಂಬುದನ್ನೆಲ್ಲ ಅವಳು ಅವನ ಕಡೆ ಮುಖ ತಿರುಗಿಸಿ ತಮ್ಮ ಭಾಲ್ಕಿ ಕಡೆಯ ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತಿದ್ದಳು. ಅದು ಅವಳ ಚಾಳಿ ಎಂದೇ ಅವನು ತಿಳಿದಿದ್ದ. "ಒಂದೇ ಮಾತು ಎರಡೆರಡ ಸರ್ತಿ ಹೇಳ್ತಿ ನೋಡು ನೀ" ಎಂದು ಎಷ್ಟೋ ಸಲ ರೇಗಿದ್ದೂ ಉಂಟು. ಅವಳು ಸುಮ್ಮನೆ ನಗುತ್ತಿದ್ದಳೇ ಹೊರತು, ನಿಮಗೆ ಕಿವಿ ಕೇಳುವುದಿಲ್ಲ ಎಂದು ಒಂದು ದಿನವೂ ಅನ್ನಲಿಲ್ಲ.

ಅವಳು ಹೋದಾಗ ಭಾಲ್ಕಿಯಿಂದ ಬಂಧುಬಳಗ ಬಂದು ಹನ್ನೊಂದು ದಿನ ಮುಕುಂದವಾಡಿಯ ಆ ಎರಡು ಕೋಣೆಯ ಮನೆಯಲ್ಲಿ ತುಂಬಿಕೊಂಡಿತ್ತು. ಆ ದಿನಗಳಲ್ಲಿ ಎಲ್ಲರ ಮಾತೂ ಅವನಿಗೆ ತಿಳಿಯಿತು. ಅವರು ಹೊರಟು ಹೋದ ಮರುದಿನ ಪಕ್ಕದ ಮನೆಯವರು ಬಂದು ಎದುರಿಗೆ ಕೂತು ಮರಾಠಿಯಲ್ಲಿ ಏನೋ ಹೇಳಿದರು. ಸದ್ದು ಬಂತು, ಮಾತು ಬರಲಿಲ್ಲ. ಮೂವತ್ತೈದು ವರ್ಷ ಅದೇ ಮರಾಠಿಯಲ್ಲಿ ಕೆಲಸ ಮಾಡಿದವನು, ಜಗಳ ಆಡಿದವನು, ಸಂತೆ ಮಾಡಿದವನು. ಈಗ ಅದು ಗೋಡೆಯ ಆಚೆ ಯಾರೋ ಮಾತಾಡಿದ ಹಾಗೆ ಕೇಳಿಸಿತು.

ಕಿವಿಯ ಡಾಕ್ಟರು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ದಪ್ಪ ಸದ್ದುಗಳು ಉಳಿದಿದ್ದವು. ತೆಳು ಸದ್ದುಗಳು, ಗಿಲಕಿಯದು, ಹಕ್ಕಿಯದು, ಮಾತಿನೊಳಗಿನ ಸಕಾರ ತಕಾರದ್ದು, ಹೋಗಿಬಿಟ್ಟಿದ್ದವು. ಇಷ್ಟು ವರ್ಷ ಅವನು ಅರ್ಧ ಮಾತನ್ನು ತುಟಿ ನೋಡಿಯೇ ತಿಳಿಯುತ್ತಿದ್ದನಂತೆ. ಹಾಗೆ ಬಿಟ್ಟುಹೋದ ಅರ್ಧವನ್ನು ತುಂಬಿಕೊಳ್ಳಲು ಬರುವುದು ಹುಟ್ಟಿದಾಗಿನಿಂದ ಕೇಳಿದ ಭಾಷೆಯಲ್ಲಿ ಮಾತ್ರ ಎಂಬುದನ್ನು ಡಾಕ್ಟರು ಹೇಳಲಿಲ್ಲ. ಅದನ್ನು ಅವನೇ ಕಂಡುಕೊಂಡ. ಕಿವಿಯ ಮಷಿನ್ ಕೊಟ್ಟರು. ಅದು ರಸ್ತೆಯ ಹಾರನ್ನನ್ನೂ ಪಾತ್ರೆಯ ಸಪ್ಪಳವನ್ನೂ ಹಿಗ್ಗಿಸಿ ತಲೆಯೊಳಗೆ ಸುರಿಯುತ್ತಿತ್ತೇ ವಿನಾ ಮಾತನ್ನು ಬಿಡಿಸಿ ಕೊಡಲಿಲ್ಲ. ಎರಡು ತಿಂಗಳು ಹಾಕಿಕೊಂಡು ನೋಡಿ ಕಪಾಟಿನಲ್ಲಿಟ್ಟ.

ಮನೆಯಲ್ಲಿ ಉಳಿದವಳು ಮಗಳು ಭಾಗ್ಯಶ್ರೀ. ಇಪ್ಪತ್ತೊಂಬತ್ತರ ಹುಡುಗಿ, ಆಸ್ಪತ್ರೆಯೊಂದರ ಔಷಧದ ಅಂಗಡಿಯಲ್ಲಿ ಕೆಲಸ. ಈ ಊರಿನಲ್ಲೇ ಹುಟ್ಟಿದವಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಜೀವಮಾನವಿಡೀ ಮರಾಠಿಯಲ್ಲಿ ಉತ್ತರ ಕೊಟ್ಟವಳು. ಕನ್ನಡ ಪೂರಾ ತಿಳಿಯುತ್ತಿತ್ತು, ಆದರೆ ನಾಲಗೆ ತಿರುಗುತ್ತಿರಲಿಲ್ಲ. ಅಪ್ಪನೊಡನೆ ಏನಾದರೂ ಹೇಳಬೇಕಾದರೆ ಈಗ ಫೋನಿನಲ್ಲಿ ಮರಾಠಿಯಲ್ಲಿ ಬರೆದು ತೋರಿಸುತ್ತಿದ್ದಳು. 'ಪಲ್ಯ ಫ್ರಿಜ್ಜಿನಲ್ಲಿದೆ.' 'ಸಂಜೆ ತಡ.' 'ಮಾತ್ರೆ ತಗೊಂಡಿರಾ?' ಬರೆಯುವ ಮಾತು ಯಾವಾಗಲೂ ಚಿಕ್ಕದಾಗಿರುತ್ತದೆ. ಮೊದಲು ಊಟಕ್ಕೆ ಕೂತಾಗ ಅವಳು ತಾಯಿಗೆ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಹೇಳುತ್ತಿದ್ದಳು, ತಾಯಿ ಅದನ್ನು ಅವನಿಗೆ ದಾಟಿಸುತ್ತಿದ್ದಳು. ಅಷ್ಟುದ್ದದ್ದನ್ನು ಯಾರು ಬರೆದಾರು?

ಅವನಿಗೆ ಉಳಿದಿದ್ದದ್ದು ಬುಲೆಟ್ ರಿಪೇರಿಯ ಕೆಲಸ. ಕಾರ್ಖಾನೆ ಬಿಟ್ಟ ಮೇಲೆ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಬುಲೆಟ್ ಮೋಟಾರ್‌ಸೈಕಲ್ಲುಗಳನ್ನಷ್ಟೇ ನೋಡುತ್ತಿದ್ದ. ಹಳೆಯ ಗಾಡಿಗಳಲ್ಲಿ ಪಾಯಿಂಟ್ ಎಂಬ ಪುಟ್ಟದೊಂದು ಕೀಲು ಬಾಯಿ ತೆರೆದ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅದು ಯಾವ ಕ್ಷಣಕ್ಕೆ ಹಾರಬೇಕು ಎಂಬುದರ ಮೇಲೆಯೇ ಎಂಜಿನ್ನಿನ ಬದುಕು. ಅದನ್ನು ಕೂಡಿಸುವುದಕ್ಕೆ ವಿಶ್ವನಾಥಪ್ಪ ಹೆಸರಾದವನು. ಗಾಡಿಯನ್ನು ಏರಿನ ಮೇಲೆ ಓಡಿಸಿ, ಕಿಡಿಯನ್ನು ಸ್ವಲ್ಪ ಸ್ವಲ್ಪವೇ ಬೇಗ ಮಾಡುತ್ತ ಹೋಗಿ, ಎಂಜಿನ್ನಿನೊಳಗೆ ಗಾಜಿನ ಮಣಿ ಉದುರಿದಂಥ ಟಿಣಿ ಟಿಣಿ ಸದ್ದು ಬಂದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ತಂದು ಬಿಗಿಯುತ್ತಿದ್ದ. ಜಾಲನಾದಿಂದ, ಪೈಠಣದಿಂದ ಜನ ಗಾಡಿ ತರುತ್ತಿದ್ದರು.

ಆ ಟಿಣಿ ಟಿಣಿ ತೆಳು ಸದ್ದು. ಡಾಕ್ಟರು ಎಳೆದ ಗೆರೆಯ ಆಚೆಗಿನದು.

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ವಾರ ಅಭಿಜಿತ್ ಎಂಬ ಹುಡುಗ ಗಾಡಿ ತಂದ. ಸಿಡ್ಕೋ ಕಡೆಯವನು, ಅಜ್ಜನ ಬುಲೆಟ್ಟನ್ನು ಹೊಸದಾಗಿ ಓಡಿಸಲು ಕಲಿತವನು. ವಿಶ್ವನಾಥಪ್ಪ ಎಂದಿನಂತೆ ಏರಿನ ಮೇಲೆ ಓಡಿಸಿದ, ಕಿಡಿ ಬೇಗ ಮಾಡುತ್ತ ಹೋದ. ಸದ್ದು ಬರಲಿಲ್ಲ. ಇನ್ನಷ್ಟು ಮಾಡಿದ. ಆಗಲೂ ಬರಲಿಲ್ಲ. ಎಂಜಿನ್ ಈಗ ಚೊಕ್ಕಟವಾಗಿದೆ ಎಂದುಕೊಂಡು ಬಿಗಿದು ಕೊಟ್ಟ. ಶೆಡ್ಡಿನ ಬಾಗಿಲಲ್ಲೇ ಅಭಿಜಿತ್ ಕಿಕ್ ಒದ್ದ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಿ ಎಂಜಿನ್ ಹಿಮ್ಮುಖವಾಗಿ ಒದೆಯಿತು. ಕಿಕ್ಕಿನ ಸಲಾಕೆ ಅದೇ ವೇಗದಲ್ಲಿ ವಾಪಸು ಬಂದು ಹುಡುಗನ ಹಿಮ್ಮಡಿಯ ಮೇಲಿನ ಎಲುಬನ್ನು ಮುರಿಯಿತು.

ಮರುದಿನ ಅಭಿಜಿತನ ಅಪ್ಪ ಬಂದರು. ಶೆಡ್ಡಿನ ನಡುವೆ ನಿಂತು ಕಾಲು ಗಂಟೆ ಬೈದರು. ವಿಶ್ವನಾಥಪ್ಪನಿಗೆ ಕಂಡದ್ದು ಅವರ ಕೆಂಪು ಮುಖ, ಮೇಲೆ ಕೆಳಗೆ ಆಡುವ ಬೆರಳು, ಬಾಯಿಂದ ಸಿಡಿದ ಎಂಜಲು. ಒಂದು ಬೈಗುಳವೂ ತಿಳಿಯಲಿಲ್ಲ. ಬೈಸಿಕೊಳ್ಳಲಿಕ್ಕಾದರೂ ಕಿವಿ ಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಯಾವ ಮಾತಿಗೆ ತಲೆ ತಗ್ಗಿಸಬೇಕು, ಯಾವುದಕ್ಕೆ ಹೌದೆನ್ನಬೇಕು, ಯಾವಾಗ ಕೈ ಮುಗಿಯಬೇಕು ಎಂಬುದು ಗೊತ್ತಾಗದೆ ಅವನು ಮೊದಲಿನಿಂದ ಕೊನೆಯವರೆಗೆ ಕೈ ಮುಗಿದುಕೊಂಡೇ ನಿಂತ. ಭಾಗ್ಯಶ್ರೀ ಒಳಗಿನಿಂದ ಓಡಿ ಬಂದು ನಡುವೆ ನಿಂತಳು. ಅವರು ಟೆಂಪೋ ತರಿಸಿ ಗಾಡಿ ಹೇರಿಕೊಂಡು ಹೋದ ಮೇಲೆ ಅವನು ಕೇಳಿದ:

"ಏನಂದ್ರು?"

ಅವಳು ಫೋನ್ ತೆಗೆದು ಬಹಳ ಹೊತ್ತು ಬರೆದಳು, ಅಳಿಸಿದಳು. ಕಡೆಗೆ ತೋರಿಸಿದ್ದು ಇಷ್ಟೇ: "ಕಾಹೀ ನಾಹೀ ಬಾಬಾ." ಏನೂ ಇಲ್ಲ ಅಪ್ಪಾ.

ಅಂದಿನಿಂದ ಅವನು ಬೇರೆಯವರ ಗಾಡಿ ಮುಟ್ಟಲಿಲ್ಲ. ಶೆಡ್ಡಿನಲ್ಲಿ ಅವನದೇ ಎಪ್ಪತ್ತೊಂಬತ್ತನೇ ಇಸವಿಯ ಗಾಡಿ ಒಂದೇ ಉಳಿಯಿತು. ಅದನ್ನೂ ಓಡಿಸಲು ಹೆದರಿಕೆ. ಬಂದ ಗಿರಾಕಿಗಳಿಗೆ ಕೈಯಾಡಿಸಿ ಇಲ್ಲ ಎನ್ನುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಬರುವವರೂ ನಿಂತರು. ಬೆಳಗ್ಗೆ ಮಗಳು ಹೋದ ಮೇಲೆ ಸಂಜೆ ಅವಳು ಬರುವ ತನಕ ಅವನ ಬಾಯಿಂದ ಒಂದು ಮಾತೂ ಹೊರಬೀಳದ ದಿನಗಳಿದ್ದವು. ಬಾಯಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವವನಂತೆ ಒಮ್ಮೊಮ್ಮೆ ಗಾಡಿಗೇ ಏನಾದರೂ ಹೇಳುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಅವನಿಗೊಂದು ವಿಚಾರ ಬಂತು. ಪಾಯಿಂಟ್ ಕಿತ್ತುಹಾಕಿ ಹಳೆಯ ಗಾಡಿಗೂ ಇಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸಬಹುದೆಂಬುದು ಅವನಿಗೆ ಮೊದಲಿನಿಂದ ಗೊತ್ತಿತ್ತು. ಕಿವಿ ಇದ್ದವನಿಗೆ ಅದೇಕೆ ಎಂದು ಮೂಗು ಮುರಿದಿದ್ದ. ಈಗ ಊರೊಳಗಿನ ಪೈಠಣ ಗೇಟ್ ಬಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಕೇಳಿದ. ಅಂಗಡಿಯವನು ಎರಡು ಡಬ್ಬಿ ತೆಗೆದು ಮುಂದಿಟ್ಟು ಮಾತಾಡತೊಡಗಿದ. ವಿಶ್ವನಾಥಪ್ಪ ಒಳಗಿದ್ದ ಕಾಗದಗಳನ್ನು ಬಿಡಿಸಿ ಚಿತ್ರ ನೋಡಿದ. ಒಂದಕ್ಕೆ ಎಂಜಿನ್ನಿನೊಳಗಿನ ಕರೆಂಟು ಹುಟ್ಟಿಸುವ ಸುರುಳಿಯನ್ನೇ ಬದಲಿಸಬೇಕಿತ್ತು. ಇನ್ನೊಂದರ ಟೈಮಿಂಗನ್ನು ಗಾಡಿ ಚಾಲೂ ಮಾಡಿ ಸದ್ದು ಕೇಳಿ ತಿದ್ದಬೇಕಿತ್ತು. ಅವನು ತನ್ನ ಕಿವಿ ಮುಟ್ಟಿ ತೋರಿಸಿ, ಕಣ್ಣು ಮುಟ್ಟಿ ತೋರಿಸಿ, ಕಣ್ಣಲ್ಲಿ ನೋಡಿ ಕೂಡಿಸುವಂಥದ್ದು ಇದೆಯೇ ಎಂದು ಮರಾಠಿಯಲ್ಲಿ ಕೇಳಿದ. ಅಂಗಡಿಯವನು ಸ್ವಲ್ಪ ಯೋಚಿಸಿ ಚೀಟಿಯ ಮೇಲೆ ಬರೆದುಕೊಟ್ಟ: 'ಅತುಲ್, ಸಾತಪುರ, ನಾಶಿಕ್. ದೀಪ ಇರುವ ಕಿಟ್.'

ತಾನು ಫೋನ್ ಮಾಡಿ ತರಿಸುತ್ತೇನೆಂದು ಭಾಗ್ಯಶ್ರೀ ಬರೆದು ತೋರಿಸಿದಳು. ಅವನು ಬೇಡವೆಂದ. ಅವನ ಗಾಡಿ ಮೊದಲು ಆರು ವೋಲ್ಟಿನದು, ಆಮೇಲೆ ಹನ್ನೆರಡಕ್ಕೆ ಬದಲಿಸಿದ್ದು. ಕೇಳಬೇಕಾದ ಪ್ರಶ್ನೆಗಳು ಹತ್ತಿದ್ದವು. ಒಂದೊಂದು ಉತ್ತರಕ್ಕೂ ಮಗಳ ಬೆರಳು ಕಾಯುತ್ತ ಕೂಡುವುದಕ್ಕಿಂತ ಕಣ್ಣಾರೆ ನೋಡಿ ಬರುವುದೇ ಸೈ ಎಂದು ಬುಧವಾರ ಮುಂಜಾನೆಯ ಬಸ್ಸು ಹತ್ತಿದ.

ವೈಜಾಪುರ, ಯೇವಲಾ ದಾಟಿ ನಾಶಿಕ್ ಮುಟ್ಟಿದಾಗ ಹನ್ನೊಂದು ದಾಟಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ತ್ರ್ಯಂಬಕೇಶ್ವರಕ್ಕೆ ಪೂಜೆಗೆ ಹೊರಟವರು. ಒಂದೆರಡು ಸಲ ಏನೋ ಕೇಳಿ, ಅವನು ಸುಮ್ಮನೆ ನಕ್ಕದ್ದು ನೋಡಿ ಕಿಟಕಿಯ ಕಡೆ ತಿರುಗಿದ್ದರು. ಸಾತಪುರದ ಕಾರ್ಖಾನೆ ಬೀದಿಗಳಲ್ಲಿ ಚೀಟಿ ತೋರಿಸುತ್ತ ನಡೆದು, ಕಡೆಗೊಂದು ಕಟ್ಟಡದ ಮಾಳಿಗೆ ಹತ್ತಿದ. ಉದ್ದನೆಯ ಕೋಣೆ, ಆರೇಳು ಮೇಜು, ಬೆಸುಗೆಯ ಹೊಗೆಯ ವಾಸನೆ. ಅತುಲ್ ಮೂವತ್ತೈದರ ಒಳ್ಳೆಯ ಮನುಷ್ಯ. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ಕೊಟ್ಟ. ಆದರೆ ಅವನ ಮೀಸೆ ಮೇಲ್ದುಟಿಯನ್ನು ಪೂರಾ ಮುಚ್ಚಿತ್ತು. ಅದೂ ಸಾಲದೆ ಮಾತಾಡುವಾಗೆಲ್ಲ ಕಪಾಟಿನ ಕಡೆ ತಿರುಗಿ ಡಬ್ಬಿ ಹುಡುಕುತ್ತಿದ್ದ. ಹತ್ತು ನಿಮಿಷ ವಿಶ್ವನಾಥಪ್ಪ ತಲೆಯಾಡಿಸಿದ. ಆಮೇಲೆ ಸಾಕಾಗಿ ತನ್ನಷ್ಟಕ್ಕೆ ತಾನು ಗೊಣಗಿದ:

"ಶಿವನೇ, ಮಾತೆಲ್ಲಾ ಇವ್ನ ಮೀಸಿಯೊಳಗೇ ಸಿಕ್ಕೊಂಡಾವ."

ಗೊಣಗಿದ್ದು ಎಂದು ಅವನು ತಿಳಿದಿದ್ದ. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿ ನೋಡಿದಾಗ ತನ್ನ ದನಿ ಎಷ್ಟು ದೊಡ್ಡದಿತ್ತೆಂಬುದು ಗೊತ್ತಾಯಿತು. ಕೊನೆಯ ಮೇಜಿನಲ್ಲಿದ್ದ ಹೆಂಗಸೊಬ್ಬಳು ಮಾತ್ರ ಬೆಸುಗೆಯ ಕಡ್ಡಿ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಲವತ್ತರ ಆಸುಪಾಸಿನವಳು. ಎದ್ದು ಅವನ ಹತ್ತಿರ ಬಂದಳು.

"ಮೀಸಿ ಬಿಡ್ರಿ, ನನ್ ಕಡಿ ನೋಡ್ರಿ. ಏನ್ ಕೇಳ್ತೀರಿ ನಾ ಹೇಳ್ತೀನಿ."

ಒಂದೊಂದು ಅಕ್ಷರವೂ ತಿಳಿಯಿತು. ಬಾವಿಯ ತಳದ ನಾಣ್ಯ ಕಂಡಂತೆ ತಿಳಿಯಿತು.

"ನೀವು... ನನ್ ಮಾತು ಹ್ಯಾಂಗ ಕೇಳ್ತು ನಿಮಗ?"

"ಕೇಳಿದ್ದು ಇಡೀ ಸಾತಪುರಕ್ಕ ಕೇಳ್ಯಾದ್ರಿ. ತಿಳದದ್ದು ನನಗೊಬ್ಬಾಕಿಗೆ," ಎಂದಳು. "ನಾವು ಆಳಂದ ಕಡಿಯೋರು. ಸುಮಂಗಲಾ ಅಂತಾರ."

ಅತುಲ್ ಸಂತೋಷದಿಂದ ಗಿರಾಕಿಯನ್ನು ಅವಳಿಗೊಪ್ಪಿಸಿ ತನ್ನ ಕೆಲಸಕ್ಕೆ ಹೋದ. ಅವಳು ಅಲ್ಲಿ ಪ್ರತಿಯೊಂದು ಕಿಟ್ಟನ್ನೂ ಡಬ್ಬಿಗೆ ಹಾಕುವ ಮೊದಲು ಪರೀಕ್ಷೆ ಮಾಡುವವಳು. ಎರಡು ತರಹದ್ದನ್ನು ತಂದಿಟ್ಟಳು.

"ಇದು ಬ್ಯಾಟರಿ ಬೇಕಾಗಲಾರದ್ದು. ದೂರ ಹೋಗೋರಿಗಿ ಇದು ಚಲೋ. ಬ್ಯಾಟರಿ ಸತ್ರೂ ಗಾಡಿ ನಿಲ್ಲಲ್ಲ. ಇದು ಬ್ಯಾಟರಿದು. ಇದ್ರ ಪ್ಲೇಟಿನ ಮ್ಯಾಲ ಸಣ್ಣ ದೀಪ ಅದ ನೋಡ್ರಿ. ಎಲ್ಲಾರೂ ಮೊದಲಿನ್ದೇ ಒಯ್ತಾರ. ನಿಮಗ ದೀಪಿಂದೇ ಯಾಕ ಬೇಕು?"

ವಿಶ್ವನಾಥಪ್ಪ ಕೈಯಲ್ಲಿದ್ದ ಪ್ಲೇಟನ್ನು ತಿರುಗಿಸಿ ನೋಡಿದ. ಆ ಮಾತನ್ನು ಅವನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಆಡಿರಲಿಲ್ಲ.

"ನನಗ ಕಿವಿ ಇಲ್ರಿ. ಒಂದು ಹುಡುಗನ ಕಾಲ ಮುರದೀನಿ."

ಅವಳು ಅಯ್ಯೋ ಅನ್ನಲಿಲ್ಲ, ದನಿ ಎತ್ತರಿಸಲೂ ಇಲ್ಲ. ಕುರ್ಚಿಯನ್ನು ಸರಿಸಿ ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕೂತುಕೊಂಡಳು. ಆಮೇಲೆ ಒಂದೊಂದಾಗಿ ಕೇಳುತ್ತ ಹೋದಳು. ಬ್ಯಾಟರಿ ಎಷ್ಟು ವರ್ಷದ್ದು? ಪ್ಲಗ್ಗಿಗೆ ಕರೆಂಟು ಕಳಿಸುವ ಕಾಯಿಲ್ ಯಾವುದು? ಕಿಡಿ ಹಿಂದೆ ಮುಂದೆ ಸರಿಸುವ ಒಳಗಿನ ತೂಕಗಳ ಸ್ಪ್ರಿಂಗುಗಳು ಸಡಿಲಾಗಿವೆಯೋ ಹೇಗೆ? ಬ್ಯಾಟರಿ ನಾಲ್ಕು ವರ್ಷದ್ದು ಎಂದದ್ದಕ್ಕೆ ತಲೆಯಲ್ಲಾಡಿಸಿದಳು.

"ಅದು ನಡೆಯಲ್ರಿ. ವೋಲ್ಟೇಜ್ ಇಳೀತಂದ್ರ ಇದಕ್ಕ ಹುಚ್ಚು ಹಿಡೀತದ, ಕಿಡಿ ತನಗ ಬೇಕಾದಾಗ ಬಿಡ್ತದ. ಹೊಸಾದು ಹಾಕ್ರಿ. ಕಾಯಿಲ್ ಮೀಟರ್ ಹಚ್ಚಿ ನೋಡ್ರಿ. ಮೂರು ಓಮ್‌ಕಿಂತ ಕಡಿಮಿ ಇದ್ರ ಕಿಟ್ ಸುಡ್ತದ."

ಮೇಜಿನ ಮೇಲೆ ಬುಲೆಟ್ಟಿನದೇ, ಪಾಯಿಂಟ್ ಕೂರುವ ಒಂದು ಹಳೆಯ ಡಿಸ್ಟ್ರಿಬ್ಯೂಟರಿತ್ತು. ಅದಕ್ಕೆ ಕಿಟ್ ಕೂಡಿಸಿ ಕೈಯಿಂದ ಮೆಲ್ಲಗೆ ತಿರುಗಿಸಿದಳು. ಅಯಸ್ಕಾಂತ ಹತ್ತಿರ ಬಂದ ಕ್ಷಣಕ್ಕೆ ಜೋಳದ ಕಾಳಿನಷ್ಟು ಕೆಂಪು ದೀಪ ಫಕ್ಕನೆ ಹೊತ್ತಿತು. "ಇದೇ ನೋಡ್ರಿ ಕಿಡಿ ಹಾರೋ ಹೊತ್ತು. ದೀಪ ಹತ್ತಿತಂದ್ರ ಕಿಡಿ ಹಾರ್ತು." ಅವನೂ ತಿರುಗಿಸಿದ. ಹತ್ತಿತು. ಹಿಂದಕ್ಕೆ ತಿರುಗಿಸಿದ. ಆರಿತು. ಇಷ್ಟು ವರ್ಷ ಕಿವಿಯಲ್ಲಿ ಹುಡುಕುತ್ತಿದ್ದ ಆ ಕ್ಷಣ ಬೆರಳ ತುದಿಯಲ್ಲಿ ಹತ್ತಿ ಆರುತ್ತಿರುವುದನ್ನು ನೋಡುತ್ತ ಅವನು ಎಷ್ಟು ಸಲ ತಿರುಗಿಸಿದನೋ. ಅವಳು ಅವಸರ ಮಾಡಲಿಲ್ಲ.

ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಅವನಿಗೂ ಕೊಟ್ಟಳು. ಮತ್ತೆ ಮಾತಿಗೆ ತೊಡಗಿದವಳು ನಿಲ್ಲಿಸಲೇ ಇಲ್ಲ. ನಾಶಿಕ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಗಂಡ ಪರಮೇಶ್ವರ ರಸ್ತೆ ಕೆಲಸದಲ್ಲಿ ಕಾಂಕ್ರೀಟಿನ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಬಂದು ಮಲಗಿ ಎದ್ದು ಹೋಗುತ್ತಾನೆ. ಗಂಡುಮಕ್ಕಳಿಬ್ಬರೂ ಅವಳ ಮಾತಿಗೆ ನಗುತ್ತಾರೆ. ಬಾಡಿಗೆ ಮನೆಯ ಮುಂದಿನ ನಲ್ಲಿ, ತವರಿನಲ್ಲಿ ತೀರಿಕೊಂಡ ಅಕ್ಕ, ಬೆಸುಗೆ ಕಲಿಯುವಾಗ ಸುಟ್ಟ ಹೆಬ್ಬೆರಳು, ಎಲ್ಲವೂ ಬಂದವು. ವಿಶ್ವನಾಥಪ್ಪ ರೊಟ್ಟಿ ಮುರಿಯುವುದನ್ನೂ ಮರೆತು ಅವಳ ಮುಖ ನೋಡುತ್ತ ಕೂತಿದ್ದ. ಕಣ್ಣು ತೆಗೆದರೆ ಒಂದು ಮಾತು ತಪ್ಪಿಹೋಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಆಡಿದ ಮಾತುಗಳನ್ನು ಮೊದಲಿನಿಂದ ನೆನೆಸಿಕೊಂಡ. ವೈಜಾಪುರ ಬರುವುದರೊಳಗೆ ಮುಗಿದುಹೋದವು. ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದ.

ಆದಿತ್ಯವಾರ ಬೆಳಗ್ಗೆ ಕೆಲಸಕ್ಕೆ ಕೂತ. ಹೊಸ ಬ್ಯಾಟರಿ ತಂದಿದ್ದ. ಕಾಯಿಲ್ಲಿಗೆ ಮೀಟರ್ ಹಚ್ಚಿದಾಗ ಮೂರಕ್ಕಿಂತ ತುಸು ಹೆಚ್ಚೇ ತೋರಿಸಿತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟನ್ನೂ ಅದರ ಪಕ್ಕದ ಕಂಡೆನ್ಸರನ್ನೂ ಬಿಚ್ಚಿದ. ಪಾಯಿಂಟಿನ ತುದಿ ಸುಟ್ಟು ಕರಿಯ ಗುಳಿ ಬಿದ್ದಿತ್ತು. ಹಿಂದಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಕೂಡಿಸುತ್ತಿದ್ದ. ಈಗ ಚಿಂದಿಯಲ್ಲಿ ಸುತ್ತಿ ಬದಿಗಿಟ್ಟ. ಒಳಗಿನ ತೂಕಗಳ ಸ್ಪ್ರಿಂಗು ಎಳೆದು ನೋಡಿ, ಹನಿ ಎಣ್ಣೆ ಬಿಟ್ಟು, ಅಯಸ್ಕಾಂತವಿದ್ದ ಪುಟ್ಟ ಬಿಲ್ಲೆಯನ್ನು ದಂಡದ ಮೇಲೆ ಕೂಡಿಸಿದ. ಅದರ ಸುತ್ತ ಹೊಸ ಪ್ಲೇಟು.

ಇನ್ನು ಪಿಸ್ಟನ್ ಎಲ್ಲಿದೆ ಎಂದು ತಿಳಿಯಬೇಕು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸೈಕಲ್ಲಿನ ಕಡ್ಡಿ ಇಳಿಬಿಟ್ಟ. ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಕಡ್ಡಿ ಮೆಲ್ಲಗೆ ಏರುತ್ತದೆ, ತುದಿ ಮುಟ್ಟಿ ಕ್ಷಣ ನಿಲ್ಲುತ್ತದೆ, ಇಳಿಯುತ್ತದೆ. ತುದಿಯಲ್ಲಿ ಬ್ಲೇಡಿನಿಂದ ಗುರುತು ಮಾಡಿದ. ಅದಕ್ಕಿಂತ ಒಂದು ಮಿಲಿಮೀಟರ್ ತುಂಬಲಾರದಷ್ಟು ಮೊದಲು ಕಿಡಿ ಹಾರಬೇಕು. ಅಲ್ಲಿಗೆ ತಂದು ನಿಲ್ಲಿಸುವುದು ಸುಲಭವಿರಲಿಲ್ಲ. ಗೇರಿನ ಹಲ್ಲುಗಳ ಸಡಿಲ ಲೆಕ್ಕಕ್ಕೆ ಬಾರದಿರಲೆಂದು ಪ್ರತಿ ಸಲವೂ ಬಹಳ ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕು. ಐದಾರು ಸಲಕ್ಕೆ ಗುರುತು ಕೂಡಿತು. ಸ್ವಿಚ್ ಹಾಕಿ, ಪ್ಲೇಟನ್ನು ಬೆರಳಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದ. ದೀಪ ಹತ್ತಿತು. ಅಲ್ಲೇ ಎರಡೂ ಸ್ಕ್ರೂ ಬಿಗಿದ. ಗಾಲಿ ತಿರುಗಿಸಿ ಇನ್ನೆರಡು ಸಲ ಪರೀಕ್ಷಿಸಿದ. ಅದೇ ಗುರುತಿಗೆ ಅದೇ ದೀಪ.

ಪ್ಲಗ್ ಹಾಕಿ ಕಿಕ್ಕಿನ ಮೇಲೆ ಕಾಲಿಟ್ಟ. ಸಿಡ್ಕೋದ ಹುಡುಗನ ಮುಖ, ಅವನು ಶೆಡ್ಡಿನ ಬಾಗಿಲಲ್ಲಿ ಕುಸಿದ ರೀತಿ ಕಣ್ಣಿಗೆ ಬಂತು. ಕಾಲು ತೆಗೆದು ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತ. ಮತ್ತೆ ಎದ್ದ. ಒದ್ದ. ಗಾಡಿ ಏಳಲಿಲ್ಲ. ಇನ್ನೊಮ್ಮೆ ಒದ್ದ. ಊಹುಂ. ಕಾಗದ ತೆಗೆದು ಮೊದಲಿನಿಂದ ಓದಿದ. ಕರಿಯ ತಂತಿಯನ್ನು ಚೌಕಟ್ಟಿನ ಬರಿಯ ಕಬ್ಬಿಣಕ್ಕೆ ಕಟ್ಟಬೇಕು, ಬಣ್ಣದ ಮೇಲಲ್ಲ. ಎರಡು ವರ್ಷದ ಹಿಂದೆ ಅವನೇ ಬಳಿದ ಕರಿ ಬಣ್ಣ ಅಲ್ಲಿ ದಪ್ಪಗೆ ಕೂತಿತ್ತು. ಅದನ್ನು ಕೆರೆದು, ಬೆಳ್ಳಗೆ ಕಬ್ಬಿಣ ಕಾಣುವಂತೆ ಮಾಡಿ, ತಂತಿ ಬಿಗಿದ.

ಮೂರನೆಯ ಒದೆಗೆ ಎಂಜಿನ್ ಎದ್ದಿತು. ಹಿಂದಕ್ಕೆ ಒದೆಯಲಿಲ್ಲ, ಕೆಮ್ಮಲಿಲ್ಲ. ದಪ್ಪ ಸದ್ದು ಅವನಿಗೆ ಕೇಳುತ್ತಿತ್ತು. ಉಳಿದದ್ದನ್ನು ಟ್ಯಾಂಕಿನ ಮೇಲೆ ಅಂಗೈ ಇಟ್ಟು ನೋಡಿದ. ಒಂದೊಂದು ಹೊಡೆತವೂ ಒಂದೇ ಅಳತೆಯ ದೂರದಲ್ಲಿ ಬಂದು ಕೈಗೆ ತಾಕುತ್ತಿತ್ತು. ಸುತ್ತ ನೋಡಿದ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಯಾರಿಗಾದರೂ ಹೇಳಬೇಕೆನ್ನಿಸಿತು. ಎಂಜಿನ್ ಆರಿಸಿ, ದೀಪ ಹತ್ತಿದಾಗ ತೆಗೆದಿಟ್ಟಿದ್ದ ಫೋಟೋ ಒಂದನ್ನು ಡಬ್ಬಿಯ ಮೇಲಿದ್ದ ನಂಬರಿಗೆ ಕಳಿಸಿದ.

ಆದಿತ್ಯವಾರವೂ ಕಾರ್ಖಾನೆ ನಡೆದಿತ್ತೇನೋ, ಅರ್ಧ ತಾಸಿನಲ್ಲಿ ಉತ್ತರ ಬಂತು. ಬರಹವಲ್ಲ, ದನಿ. ಒಂದು ನಿಮಿಷ ಮೇಲೆ ಕೆಲವು ಸೆಕೆಂಡು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಆಳಂದದ ಮಾತಿನ ಏರಿಳಿತ ಸಿಕ್ಕಿತು, ಮಾತು ಸಿಗಲಿಲ್ಲ. ನೋಡಲು ಮುಖವೇ ಇರಲಿಲ್ಲವಲ್ಲ. ನಾಲ್ಕು ಸಲ ಹಚ್ಚಿದ. ಒಮ್ಮೆ ಫೋನನ್ನು ಹಲ್ಲಿಗೂ ತಾಗಿಸಿ ನೋಡಿದ.

ಭಾಗ್ಯಶ್ರೀ ಒಳಗೆ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲಿ ನಿಂತು ಫೋನ್ ಮುಂದೆ ಹಿಡಿದ. "ಇದರಾಗ ಏನಂದಾಳ ನೋಡು." ಅವಳು ಕೇಳಿಸಿಕೊಂಡು, ಎಂದಿನಂತೆ ತನ್ನ ಫೋನ್ ತೆಗೆದು ಮರಾಠಿಯಲ್ಲಿ ಬರೆಯತೊಡಗಿದಳು.

"ಬರೀಬ್ಯಾಡ," ಎಂದ. "ಆಕಿ ಹ್ಯಾಂಗ ಅಂದಾಳ ಹಂಗೇ ಅನ್ನು. ನನ್ ಕಡಿ ಮಾರಿ ಮಾಡಿ ಅನ್ನು."

ಅವಳ ಮುಖ ಕೆಂಪಾಯಿತು. ಬರುವುದಿಲ್ಲ ಎಂದು ಕೈಯಾಡಿಸಿದಳು. ಅವನು ಅಲ್ಲೇ ನಿಂತಿದ್ದ. ಕಡೆಗೆ ಅವಳು ಮಂಚದ ಮೇಲೆ ಕೂತು, ಒಂದೊಂದು ತುಣುಕು ಕೇಳಿ ನಿಲ್ಲಿಸಿ, ಮಗ್ಗಿ ಒಪ್ಪಿಸುವ ಮಗುವಿನಂತೆ ಹೇಳತೊಡಗಿದಳು.

"ದೀಪದ ಫೋಟೋ ನೋಡ್ದೆರಿ... ಭಾಳ ಚಲೋ ಆತು... ನೂರು ಕಿಲೋಮೀಟರ್ ನಡಸಿದ ಮ್ಯಾಲ... ಎರಡೂ ಸ್ಕ್ರೂ ಮತ್ತೊಮ್ಮಿ ಬಿಗೀರಿ... ಗಾಡಿ ಬಂದ್ ಇದ್ದಾಗ ಸ್ವಿಚ್ ಚಾಲೂ ಇಡಬ್ಯಾಡ್ರಿ, ಕಾಯಿಲ್ ಸುಡ್ತದ..."

ತಪ್ಪಿದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಕೇಳಿ ಹೇಳಿದಳು. ಅವನು ಎದುರಿಗೆ ನೆಲದ ಮೇಲೆ ಕೂತು ಅವಳ ತುಟಿಗಳನ್ನು ನೋಡುತ್ತಿದ್ದ. ಮಗಳ ಬಾಯಲ್ಲಿ ಮಾತು ಹುಟ್ಟುವುದನ್ನು ಎರಡು ವರ್ಷದ ಮೇಲೆ ನೋಡುತ್ತಿದ್ದ.

"ಮತ್ತ... ನಾ ಈ ತಿಂಗಳ ಆಖರಿಗಿ ಇಲ್ಲಿಂದ ಬಿಡ್ಲಾಕತ್ತೀನ್ರಿ. ನಮ್ಮನಿಯೋರ ಕೆಲಸ ನಾಗಪುರ ಕಡಿ ಹೋಗ್ಯಾದ... ಈ ಫೋನ್ ಕಾರ್ಖಾನಿದು, ಇಲ್ಲೇ ಉಳೀತದ." ಭಾಗ್ಯಶ್ರೀ ನಿಲ್ಲಿಸಿ ಅಪ್ಪನನ್ನು ನೋಡಿದಳು. ಅವನು ಹೂಂ ಎಂದ. "ನೀವು ಬಂದ ದಿನ ಭಾಳ ಮಾತಾಡ್ದೆ. ಆಮ್ಯಾಲ ನಾಚಿಕಿ ಬಂತು... ಹದಿನಾಕು ವರ್ಷದಾಗ ಯಾರೂ ಹಂಗ ಮಾರಿ ನೋಡಿ ನನ್ ಮಾತು ಕೇಳಿಲ್ರಿ. ಆರಾಮ ಇರ್ರಿ."

ಅಲ್ಲಿಗೆ ಮುಗಿಯಿತು. ಭಾಗ್ಯಶ್ರೀ ಫೋನ್ ಕೆಳಗಿಟ್ಟಳು. "ಆಖರಿದು ಇನ್ನೊಮ್ಮಿ ಅನ್ನು," ಎಂದ. ಅವಳು ಇನ್ನೊಮ್ಮೆ ಅಂದಳು. ಅವನು ಎದ್ದು ಶೆಡ್ಡಿಗೆ ಹೋಗಿ ಅರಿವೆಯಿಂದ ಸ್ಪ್ಯಾನರು ಪಾನಾಗಳನ್ನು ಒರೆಸಿ ಒಂದೊಂದಾಗಿ ಪೆಟ್ಟಿಗೆಗೆ ಹಾಕಿದ. ಉತ್ತರವಾಗಿ ಏನು ಕಳಿಸಬೇಕೆಂಬುದು ಅಂದೂ ಹೊಳೆಯಲಿಲ್ಲ, ಮರುದಿನವೂ ಹೊಳೆಯಲಿಲ್ಲ. ತಿಂಗಳು ಮುಗಿಯಿತು.

ನೂರು ಕಿಲೋಮೀಟರ್ ನಡೆಸಬೇಕಿತ್ತಲ್ಲ. ಮುಂದಿನ ತಿಂಗಳ ಮೊದಲ ಆದಿತ್ಯವಾರ, ಭಾಗ್ಯಶ್ರೀ ಡ್ಯೂಟಿಗೆ ಹೋದ ಮೇಲೆ, ಗಾಡಿ ಹೊರಗೆ ತೆಗೆದ. ಕನ್ನಡಿಗಳೆರಡನ್ನೂ ತಿದ್ದಿಕೊಂಡು ರಸ್ತೆಯ ಎಡ ಅಂಚು ಹಿಡಿದು ಪೈಠಣದ ಕಡೆ ಹೊರಟ. ಪೈಠಣದಲ್ಲಿ ಅವನಿಗೆ ಯಾರೂ ಇರಲಿಲ್ಲ. ಅದು ಐವತ್ತು ಕಿಲೋಮೀಟರ್ ದೂರವಿತ್ತು, ಅಷ್ಟೇ. ಕಬ್ಬಿನ ಗಾಡಿಗಳನ್ನು ದಾಟಿ, ಏರು ಬಂದಲ್ಲಿ ಗೇರು ಇಳಿಸದೆಯೇ ಏರಿಸಿ ನೋಡಿದ. ಎಂಜಿನ್ ದಣಿಯಲಿಲ್ಲ. ಟಿಣಿ ಟಿಣಿ ಬಂತೋ ಇಲ್ಲವೋ ಅವನಿಗೆ ತಿಳಿಯದು. ಬಂದಿರಲಾರದು ಎಂದು ಕೈಗೆ ಗೊತ್ತಿತ್ತು. ಜಾಯಕವಾಡಿ ಆಣೆಕಟ್ಟಿನ ಹಿನ್ನೀರು ಕಾಣುವಲ್ಲಿ ನಿಲ್ಲಿಸಿದ. ತಿರುಗಾಡಲು ಬಂದಿದ್ದ ಕುಟುಂಬವೊಂದು ಕೈಸನ್ನೆ ಮಾಡಿ ತಮ್ಮ ಫೋಟೋ ತೆಗೆದುಕೊಡಲು ಕೇಳಿತು. ತೆಗೆದುಕೊಟ್ಟ. ಅವರು ಏನೋ ಹೇಳಿ ನಕ್ಕರು, ಅವನೂ ನಕ್ಕ. ಅವರ ಜೀಪು ಹೋದ ಮೇಲೆ ನೀರಿನ ಕಡೆ ಮುಖ ಮಾಡಿ ಒಂದು ತಾಸು ಕೂತಿದ್ದು, ಬಂದ ದಾರಿಯಲ್ಲೇ ಹಿಂದಿರುಗಿದ.

ಮನೆ ಮುಟ್ಟಿದಾಗ ನೂರಾ ನಾಲ್ಕು ಆಗಿತ್ತು. ಎಂಜಿನ್ ತಣ್ಣಗಾಗಲು ಬಿಟ್ಟು, ಮುಚ್ಚಳ ತೆಗೆದು ಎರಡೂ ಸ್ಕ್ರೂಗಳ ಮೇಲೆ ಸ್ಕ್ರೂಡ್ರೈವರ್ ಇಟ್ಟು ನೋಡಿದ. ಒಂದೂ ಅಲುಗಿರಲಿಲ್ಲ. ಆದರೂ ಸುಮಂಗಲಾ ಹೇಳಿದ್ದಾಳೆಂದು ಒಂದೊಂದನ್ನೂ ಕೂದಲೆಳೆಯಷ್ಟು ಬಿಗಿದ.

ನೆರಳೊಂದು ಗಾಡಿಯ ಮೇಲೆ ಬಿದ್ದದ್ದು ನೋಡಿ ತಿರುಗಿದ. ಭಾಗ್ಯಶ್ರೀ ಡ್ಯೂಟಿ ಮುಗಿಸಿ ಬಂದು, ಹೆಗಲಿನ ಚೀಲವನ್ನೂ ಇಳಿಸದೆ ನಿಂತಿದ್ದಳು. ಅವಳ ತುಟಿಗಳು ಅಲುಗಿದವು. ಮರಾಠಿ, ಅವನಿಗೆ ಸಿಗಲಿಲ್ಲ. ಅವಳ ಕೈ ಚೀಲದೊಳಗಿನ ಫೋನಿಗೆ ಹೋಯಿತು, ಅರ್ಧಕ್ಕೆ ನಿಂತಿತು. ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ಬಾಬಾ," ಎಂದಳು, ತುಟಿಗಳನ್ನು ಬೇಕಾದ್ದಕ್ಕಿಂತ ಅಗಲ ಮಾಡಿ, "ಎಲ್ಲಿ ಹೋಗಿದ್ದು?"

ಮಾತು ತಪ್ಪಾಗಿತ್ತು, ಆದರೆ ತಿಳಿಯಿತು.

"ಪೈಠಣಕ್ಕ," ಎಂದ.

"ಯಾಕ?"

"ಸುಮ್ನ. ನೂರು ಕಿಲೋಮೀಟರ್ ಮಾಡ್ಬೇಕಿತ್ತು."

ಅವಳು ಇನ್ನೇನೋ ಹೇಳಲು ಹುಡುಕಿದಳು. ಕಣ್ಣು ಗಾಡಿಯ ಮೇಲೆ, ತಗಡಿನ ಮೇಲೆ, ಅವನ ಎಣ್ಣೆಗೈಯ ಮೇಲೆ ಆಡಿತು. ಅಷ್ಟಕ್ಕೆ ಅವಳ ಕನ್ನಡ ಮುಗಿದಿತ್ತು. ತಲೆಯಾಡಿಸಿ ಒಳಗೆ ಹೋದಳು. ವಿಶ್ವನಾಥಪ್ಪ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಮಗಳು ಒಳಹೋದ ಬಾಗಿಲ ಕಡೆ ಮುಖ ಮಾಡಿ ಕೂತ.